ಮೂಲಪ್ರತಿಯ ಹುಡುಕಾಟ: ಹುಲ್ಲುಗಳ ವಿದುಷಿ ಆಗ್ನೆಸ್ ಚೇಸ್

ಮಲೆನಾಡಿನ ಸಸ್ಯಸೂಚಿಗಳಲ್ಲಿ ಹುಲ್ಲಿನ ಪುಟಗಳಿಗೆ ಬಂದರೆ ಸ್ಯಾಕ್ಸಿಯೋಲೆಪಿಸ್ ಇಂಡಿಕಾ ಎಂಬ ಹೆಸರು ಸಿಕ್ಕುತ್ತದೆ. ನೀರು ನಿಲ್ಲುವ ಗದ್ದೆಯ ಅಂಚಿನಲ್ಲಿ, ಜೌಗು ನೆಲದಲ್ಲಿ ಬೆಳೆಯುವ ತೆಳ್ಳನೆಯ ಹುಲ್ಲು ಅದು. ತುದಿಯಲ್ಲಿ ಒತ್ತಾದ, ಉದ್ದುರುಟಾದ ತೆನೆ; ಕೆಲವೊಮ್ಮೆ ಅದಕ್ಕೆ ನೇರಳೆ ಛಾಯೆ. ರೈತರಿಗೆ ಕಳೆ, ದನಗಳಿಗೆ ಮೇವು. ಹೆಸರಿನ ಪಕ್ಕದಲ್ಲಿ, ಸಸ್ಯಶಾಸ್ತ್ರದ ರೂಢಿಯಂತೆ, ಆವರಣದೊಳಗೆ ಸಸ್ಯಶಾಸ್ತ್ರಜ್ಞ ಲಿನೇಯಸ್‌ನ ಮೊದಲಕ್ಷರವೂ ಆವರಣದ ಹೊರಗೆ ‘ಚೇಸ್’ ಎಂಬ ಹೆಸರೂ ಇರುತ್ತವೆ. 1753ರಲ್ಲಿ ಈ ಹುಲ್ಲಿಗೆ ಹೆಸರಿಟ್ಟು ಐರಾ ಎಂಬ ಕುಲದಲ್ಲಿ ಸೇರಿಸಿದ್ದು ಲಿನೇಯಸ್. ಆ ಕುಲ ಇದರದ್ದಲ್ಲವೆಂದು ಕಂಡು, 1908ರಲ್ಲಿ ಸ್ಯಾಕ್ಸಿಯೋಲೆಪಿಸ್ ಕುಲಕ್ಕೆ ತಂದು ಸೇರಿಸಿದ್ದು ಚೇಸ್. ಆ ಹೊತ್ತಿಗೆ ಆಕೆಗೆ ನಲವತ್ತು ತುಂಬಿರಲಿಲ್ಲ. ಶಿಕ್ಷಣವೆಂದರೆ ಮುಖ್ಯವಾಗಿ ಶಿಕಾಗೋದ ಪ್ರಾಥಮಿಕ ಶಾಲೆಯದ್ದು. ಕಾಲೇಜಿನ ಪದವಿ ಪಡೆದವರಲ್ಲ.

ಅಮೆರಿಕದ ಆಗ್ನೆಸ್ ಚೇಸ್ (1869–1963) ಇಪ್ಪತ್ತನೆಯ ಶತಮಾನದ ಹುಲ್ಲು ತಜ್ಞರಲ್ಲಿ ಮುಂಚೂಣಿಯಲ್ಲಿದ್ದವರು. ಅವರ ಬಗ್ಗೆ ಬಂದಿರುವ ಬರಹಗಳು ಸಾಮಾನ್ಯವಾಗಿ ಮೂರು ಸಂಗತಿಗಳ ಸುತ್ತ ಸುತ್ತುತ್ತವೆ: ಬಡತನದಿಂದ ಮೇಲೆದ್ದ ಸ್ವಯಂಶಿಕ್ಷಿತೆ, ಮತದಾನದ ಹಕ್ಕಿಗಾಗಿ ಸೆರೆಮನೆ ಕಂಡ ಹೋರಾಟಗಾರ್ತಿ, ಬ್ರೆಜಿಲ್‌ನ ಬೆಟ್ಟ ಹತ್ತಿದ ಗಟ್ಟಿಗಿತ್ತಿ. ಮೂರೂ ನಿಜವೇ. ಆದರೆ ವಿಜ್ಞಾನದಲ್ಲಿ ಅವರಿಂದ ಉಳಿದದ್ದೇನು ಎಂಬ ಪ್ರಶ್ನೆಗೆ ಈ ಮೂರರಲ್ಲಿ ಉತ್ತರವಿಲ್ಲ. ಅದು ಅವರ ಮೊದಲ ವೃತ್ತಿಯಲ್ಲಿದೆ ಎಂಬುದು ಈ ಲೇಖನದ ವಾದ. ಆಗ್ನೆಸ್ ಚೇಸ್ ವೃತ್ತಿಯಿಂದ ಕರಡು ತಿದ್ದುವವರಾಗಿದ್ದರು. ಅಚ್ಚಾದದ್ದನ್ನು ಮೂಲಪ್ರತಿಯೊಡನೆ ಅಕ್ಷರಕ್ಕಕ್ಷರ ತಾಳೆ ನೋಡುವ ಆ ಅಭ್ಯಾಸವನ್ನು ಅವರು ಹುಲ್ಲುಗಳ ಹೆಸರಿನ ಲೋಕಕ್ಕೆ ಹೊತ್ತುಕೊಂಡು ಹೋದರು.

ಶಿಕಾಗೋದ ವರ್ಷಗಳು

ಮೇರಿ ಆಗ್ನೆಸ್ ಮೀರಾ ಹುಟ್ಟಿದ್ದು 1869ರ ಏಪ್ರಿಲ್‌ನಲ್ಲಿ, ಇಲಿನಾಯ್ ರಾಜ್ಯದ ಇರಾಕ್ವೋಯ್ ಕೌಂಟಿಯಲ್ಲಿ. ತಂದೆ ರೈಲ್ವೆಯಲ್ಲಿ ಕಮ್ಮಾರಿಕೆ ಮಾಡುತ್ತಿದ್ದ ಐರಿಶ್ ಮೂಲದವರು. ಮಗುವಿಗೆ ಎರಡು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಶಿಕಾಗೋಗೆ ಬಂದರು. ಮನೆತನದ ಹೆಸರು ಮೀರಾ ಹೋಗಿ ಮೆರಿಲ್ ಆಯಿತು. ಶಾಲೆ ಮುಗಿಸಿದ ಹುಡುಗಿ ಮನೆಯ ಖರ್ಚಿಗೆ ಕೈಜೋಡಿಸಲು ದುಡಿಯತೊಡಗಿದಳು. ಹಳ್ಳಿಶಾಲೆಯ ಮೇಷ್ಟರಿಗಾಗಿ ಹೊರಡುತ್ತಿದ್ದ ‘ಸ್ಕೂಲ್ ಹೆರಾಲ್ಡ್’ ಎಂಬ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವ, ಕರಡು ತಿದ್ದುವ ಕೆಲಸ ಸಿಕ್ಕಿತು. ಅದರ ಸಂಪಾದಕ ವಿಲಿಯಂ ಚೇಸ್ ಅವರನ್ನೇ 1888ರ ಜನವರಿಯಲ್ಲಿ ಮದುವೆಯಾದರು. ವರ್ಷ ತುಂಬುವಷ್ಟರಲ್ಲಿ ವಿಲಿಯಂ ಕ್ಷಯದಿಂದ ತೀರಿಕೊಂಡರು. ಹತ್ತೊಂಬತ್ತರ ವಿಧವೆಗೆ ಬಿಟ್ಟುಹೋದದ್ದು ಪತ್ರಿಕೆಯ ಸಾಲ.

ಸಾಲ ತೀರಿಸಲು ‘ಇಂಟರ್ ಓಷನ್’ ದಿನಪತ್ರಿಕೆಯಲ್ಲಿ ರಾತ್ರಿಪಾಳಿಯ ಕರಡು ತಿದ್ದುವ ಕೆಲಸ. ಊಟ ಬಹುಮಟ್ಟಿಗೆ ಹುರುಳಿ ಜಾತಿಯ ಕಾಳು ಮತ್ತು ಓಟ್ಸ್ ಗಂಜಿ ಎಂದು ಚರಿತ್ರಕಾರರು ಬರೆದಿದ್ದಾರೆ. ನಡುವೆ ಕೆಲಕಾಲ ಗಂಡನ ಅಣ್ಣನ ಹಳ್ಳಿಯ ಅಂಗಡಿಯಲ್ಲಿ ದುಡಿದರು. ಆ ಮನೆಯ ಹುಡುಗ ವರ್ಜಿನಿಯಸ್‌ಗೆ ಗಿಡಗಳ ಹುಚ್ಚು. ಅವನಿಗೆ ಗಿಡ ಗುರುತಿಸಲು ನೆರವಾಗಲು ಹೋಗಿ ಚಿಕ್ಕಮ್ಮನಿಗೂ ಅದು ಅಂಟಿತು. ಮುಂದೆ ವರ್ಜಿನಿಯಸ್ ಕೂಡ ಇಲಿನಾಯ್‌ನ ಗುರುತಿಸಲ್ಪಟ್ಟ ಸಸ್ಯಸಂಗ್ರಾಹಕರಾದರು.

1898ರ ಸುಮಾರಿಗೆ ಶಿಕಾಗೋದ ಹೊರವಲಯದ ಜೌಗಿನಲ್ಲಿ ಗಿಡ ಹುಡುಕುತ್ತಿದ್ದಾಗ ಎಲ್ಸ್‌ವರ್ತ್ ಹಿಲ್ ಎಂಬ ಪಾದ್ರಿಯ ಪರಿಚಯವಾಯಿತು. ಹಿಲ್ ಪಾಚಿಸಸ್ಯಗಳನ್ನು ಅಭ್ಯಾಸ ಮಾಡುತ್ತಿದ್ದ ವೃದ್ಧರು. ಅವರಿಗೆ ಚಿತ್ರ ಬರೆಯುವವರು ಬೇಕಿತ್ತು, ಚೇಸ್‌ಗೆ ಗುರು ಬೇಕಿತ್ತು. ಹಗಲು ಸಿಕ್ಕಾಗ ಹಿಲ್‌ರ ಲೇಖನಗಳಿಗೆ ಚಿತ್ರ, ಪ್ರತಿಯಾಗಿ ಸೂಕ್ಷ್ಮದರ್ಶಕದ ಪಾಠ ಮತ್ತು ಒಂದಿಷ್ಟು ಲ್ಯಾಟಿನ್. ಹಿಲ್ ಮೂಲಕವೇ ಫೀಲ್ಡ್ ವಸ್ತುಸಂಗ್ರಹಾಲಯದ ಚಾರ್ಲ್ಸ್ ಮಿಲ್ಸ್‌ಪಾ ಅವರ ಪರಿಚಯವಾಗಿ, ಅವರ ಕೆರಿಬಿಯನ್ ಮತ್ತು ಯುಕಟಾನ್ ಸಸ್ಯಗಳ ಪ್ರಕಟಣೆಗಳಿಗೆ ಚೇಸ್ ಚಿತ್ರ ಬರೆದುಕೊಟ್ಟರು.

ಸೂಕ್ಷ್ಮದರ್ಶಕ ಹಿಡಿಯಲು ಕಲಿತದ್ದು ಮೊದಲು ಅನ್ನಕ್ಕೆ ದಾರಿ ಮಾಡಿದ್ದು ಸಸ್ಯಶಾಸ್ತ್ರದಲ್ಲಿ ಅಲ್ಲ, ಕಸಾಯಿಖಾನೆಯಲ್ಲಿ. 1901ರಿಂದ 1903ರವರೆಗೆ ಅವರು ಶಿಕಾಗೋದ ದೊಡ್ಡಿಗಳಲ್ಲಿ ಕೃಷಿ ಇಲಾಖೆಯ ಮಾಂಸ ಪರೀಕ್ಷಕಿ. ಕೆಲವೇ ವರ್ಷಗಳ ನಂತರ ಅಪ್ಟನ್ ಸಿಂಕ್ಲೇರ್ ಕಾದಂಬರಿಯ ಮೂಲಕ ಇಡೀ ದೇಶಕ್ಕೆ ಗೊತ್ತಾದ ಅದೇ ದೊಡ್ಡಿಗಳು. ಈ ಮೂರು ವರ್ಷಗಳನ್ನು ಚರಿತ್ರಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ರಾತ್ರಿ ಅಚ್ಚುಮನೆಯ ದೀಪದ ಕೆಳಗೆ ತಪ್ಪು ಹುಡುಕಿದ್ದವರು ಈಗ ಹಗಲು ಗಾಜಿನ ಕೆಳಗೆ ಅದನ್ನೇ ಮಾಡುತ್ತಿದ್ದರು. ಬೇಸರಪಡದೆ, ಒಂದೇ ತೆರನಾದ ನೂರು ವಸ್ತುಗಳ ನಡುವೆ ಬೇರೆಯಾದ ಒಂದನ್ನು ಕಾಣುವ ಕಣ್ಣು ಹೀಗೆ ಪಳಗಿತು. ಹುಲ್ಲಿನ ವರ್ಗೀಕರಣಕ್ಕೆ ಬೇಕಾದ ಕಣ್ಣು ಅದೇ.

ವಾಷಿಂಗ್ಟನ್, ಹಿಚ್‌ಕಾಕ್ ಮತ್ತು ಪ್ಯಾನಿಕಮ್

ಹಿಲ್ ಅವರ ಒತ್ತಾಯದಿಂದ ಚೇಸ್ ಕೃಷಿ ಇಲಾಖೆಯ ಚಿತ್ರಕಾರರ ಪರೀಕ್ಷೆಗೆ ಅರ್ಜಿ ಹಾಕಿದರು. 1903ರಲ್ಲಿ ವಾಷಿಂಗ್ಟನ್ನಿನಲ್ಲಿ ಮೇವಿನ ಗಿಡಗಳ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕಚೇರಿಯ ವೇಳೆ ಮುಗಿದ ಮೇಲೆ ಅಲ್ಲಿನ ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹದಲ್ಲಿ, ಕುಳಿತು ಒಣಹುಲ್ಲಿನ ಹಾಳೆಗಳನ್ನು ನೋಡುತ್ತಿದ್ದರು. 1905ರಿಂದ ಹುಲ್ಲುತಜ್ಞ ಆಲ್ಬರ್ಟ್ ಹಿಚ್‌ಕಾಕ್ ಜೊತೆ ಕೆಲಸ ಆರಂಭವಾಯಿತು. ಮರುವರ್ಷವೇ, ಇನ್ನೂ ಚಿತ್ರಕಾರರ ಹುದ್ದೆಯಲ್ಲಿರುವಾಗಲೇ, ಪ್ಯಾನಿಸಿಯೀ ಎಂಬ ಹುಲ್ಲಿನ ಬುಡಕಟ್ಟಿನ ಕುಲಗಳ ಬಗ್ಗೆ ಅವರ ಸ್ವಂತ ಲೇಖನಮಾಲೆಯ ಮೊದಲ ಕಂತು ಹೊರಬಂತು. ಸ್ಯಾಕ್ಸಿಯೋಲೆಪಿಸ್ ಇಂಡಿಕಾ ಹೆಸರು ಬಂದದ್ದು ಆ ಮಾಲೆಯಲ್ಲೇ. ಪದನಾಮ ಬದಲಾದದ್ದು 1907ರಲ್ಲಿ: ಹುಲ್ಲುಗಳ ವರ್ಗೀಕರಣದಲ್ಲಿ ವೈಜ್ಞಾನಿಕ ಸಹಾಯಕಿ.

ಈ ಬುಡಕಟ್ಟು ಕನ್ನಡಿಗರಿಗೆ ಅಪರಿಚಿತವಲ್ಲ. ನಮ್ಮ ಸಾಮೆ ಮತ್ತು ಬರಗು ಪ್ಯಾನಿಕಮ್ ಕುಲದವು, ಹಾರಕ ಪ್ಯಾಸ್ಪಲಮ್ ಕುಲದ್ದು. ನವಣೆ, ಊದಲು, ಸಜ್ಜೆ ಇವುಗಳ ನೆಂಟರು. ಚೇಸ್ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದದ್ದು ಈ ಕುಲಗಳ ಅಮೆರಿಕದ ಪ್ರಭೇದಗಳ ಜೊತೆ.

ಹುಲ್ಲನ್ನು ಗುರುತಿಸುವುದು ಏಕೆ ಕಷ್ಟವೆಂದು ತಿಳಿಯಲು ಒಂದು ಸಾಮೆಯ ತೆನೆ ಸಾಕು. ಕಾಳೆಂದು ನಾವು ಕರೆಯುವುದರ ಸುತ್ತ ಒಂದರ ಮೇಲೊಂದು ಹೊಟ್ಟಿನ ಪದರಗಳಿವೆ. ಹೊರಗಡೆ ಬುಡದಲ್ಲಿ ಒಂದು ಗಿಡ್ಡ ಪದರ, ಅದರ ಎದುರು ಒಂದು ಉದ್ದದ್ದು, ಒಳಗೆ ಬರಡು ಹೂವಿನ ಒಂದು ಪದರ, ಅದರೊಳಗೆ ಗಟ್ಟಿಯಾದ ಹೊಳೆಯುವ ಕವಚ, ಕವಚದೊಳಗೆ ಕಾಳು. ಇಷ್ಟೆಲ್ಲ ಸೇರಿ ಎರಡು ಮೂರು ಮಿಲಿಮೀಟರು. ಸಸ್ಯಶಾಸ್ತ್ರಜ್ಞರು ಸ್ಪೈಕ್‌ಲೆಟ್ ಎನ್ನುವ ಈ ಕಿರುತೆನೆಯಲ್ಲೇ ಕುಲ ತೀರ್ಮಾನವಾಗುತ್ತದೆ. ಸ್ಯಾಕ್ಸಿಯೋಲೆಪಿಸ್‌ನಲ್ಲಿ ಆ ಎರಡನೆಯ ಹೊರಪದರ ಬುಡದಲ್ಲಿ ಚೀಲದ ಹಾಗೆ ಉಬ್ಬಿರುತ್ತದೆ. ಪ್ಯಾಸ್ಪಲಮ್‌ನಲ್ಲಿ ಗಿಡ್ಡ ಪದರ ಬಹುಮಟ್ಟಿಗೆ ಇರುವುದೇ ಇಲ್ಲ, ಗಟ್ಟಿ ಕವಚದ ಬೆನ್ನು ತೆನೆಯ ದಂಟಿನ ಕಡೆಗೆ ತಿರುಗಿರುತ್ತದೆ. ಅದೇ ಕವಚ ದಂಟಿಗೆ ಬೆನ್ನು ತೋರಿಸದೆ ಹೊರಮುಖವಾಗಿ ಬೆನ್ನು ಮಾಡಿದ್ದರೆ ಅದು ಆಕ್ಸೊನೋಪಸ್. ಇಂದು ನಮ್ಮ ಊರುಗಳ ಹುಲ್ಲುಹಾಸಿನಲ್ಲಿ ಹಬ್ಬಿರುವ ಅಗಲ ಎಲೆಯ ಹುಲ್ಲು ಈ ಕುಲದ್ದು. ಬರಿಗಣ್ಣಿಗೆ ಎರಡೂ ಒಂದೇ. ಕಾಳಿನ ಬೆನ್ನು ಯಾವ ಕಡೆಗಿದೆ ಎಂದು ನೋಡುವವರೆಗೆ ಹೆಸರು ಹೇಳುವಂತಿಲ್ಲ.

1910ರಲ್ಲಿ ಹಿಚ್‌ಕಾಕ್ ಮತ್ತು ಚೇಸ್ ಜೊತೆಯಾಗಿ ಪ್ರಕಟಿಸಿದ ಉತ್ತರ ಅಮೆರಿಕದ ಪ್ಯಾನಿಕಮ್ ಪ್ರಭೇದಗಳ ಗ್ರಂಥ ಈ ಜೋಡಿಯ ಹೆಸರನ್ನು ಸ್ಥಾಪಿಸಿತು. ಅಲ್ಲಿ ಅವರು ಎದುರಿಸಿದ ತೊಡಕು ವಿಚಿತ್ರವಾದದ್ದು. ಈ ಕುಲದ ಒಂದು ದೊಡ್ಡ ಗುಂಪಿನ ಹುಲ್ಲುಗಳಿಗೆ ವರ್ಷದಲ್ಲಿ ಎರಡು ವೇಷ. ವಸಂತದಲ್ಲಿ ನೇರ ದಂಟು, ತುದಿಯಲ್ಲಿ ಹರಡಿದ ತೆನೆ. ಬೇಸಿಗೆ ಕಳೆದು ಶರತ್ಕಾಲ ಬರುವಾಗ ಅದೇ ಗಿಡ ಗೆಣ್ಣುಗೆಣ್ಣಿನಲ್ಲೂ ಕವಲೊಡೆದು, ಕಿರಿದಾದ ಎಲೆಗಳ ಪೊದೆಯಾಗಿ, ಎಲೆಗಳ ನಡುವೆ ಅವಿತ ಸಣ್ಣ ತೆನೆಗಳನ್ನು ಬಿಡುತ್ತದೆ. ಚಳಿಗಾಲದಲ್ಲಿ ನೆಲಕ್ಕೆ ಅಂಟಿದ ಎಲೆಗಳ ಸುತ್ತು ಮಾತ್ರ. ಏಪ್ರಿಲ್‌ನಲ್ಲಿ ಸಂಗ್ರಹಿಸಿದವನು ಒಂದು ಹೆಸರಿಟ್ಟರೆ, ಸೆಪ್ಟೆಂಬರ್‌ನಲ್ಲಿ ಅದೇ ಗಿಡವನ್ನು ಕಿತ್ತವನು ಇನ್ನೊಂದು ಹೆಸರಿಟ್ಟಿದ್ದ. ಹಿಚ್‌ಕಾಕ್ ಮತ್ತು ಚೇಸ್ ಪ್ರತಿ ಪ್ರಭೇದಕ್ಕೂ ಎರಡೂ ಋತುಗಳ ವಿವರಣೆಯನ್ನು ಬೇರೆಬೇರೆಯಾಗಿ ಕೊಟ್ಟರು, ಹಳೆಯ ಹೆಸರುಗಳಲ್ಲಿ ಯಾವುದು ಯಾವ ವೇಷಕ್ಕೆ ಇಟ್ಟದ್ದೆಂದು ಹಾಳೆ ಹಾಳೆ ನೋಡಿ ಹೇಳಿದರು. ಈ ಗುಂಪಿಗೆ ಅವರಿಟ್ಟ ಉಪಕುಲದ ಹೆಸರು ಡೈಕ್ಯಾಂಥೀಲಿಯಮ್.

ಅವಿತ ತೆನೆಗಳ ಬಗ್ಗೆ ಚೇಸ್‌ಗೆ ವಿಶೇಷ ಕುತೂಹಲ. ಕೆಲವು ಹುಲ್ಲುಗಳಲ್ಲಿ ಎಲೆಯ ಬುಡ ದಂಟನ್ನು ಸುತ್ತುವ ಜಾಗದೊಳಗೆ, ಹೊರಗೆ ಕಾಣದಂತೆ ಕಿರುತೆನೆಗಳು ಅಡಗಿರುತ್ತವೆ. ಅವು ಅರಳುವುದೇ ಇಲ್ಲ. ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಂಡು ಕಾಳುಗಟ್ಟುತ್ತವೆ. 1908ರಲ್ಲೂ ಮತ್ತೆ 1918ರಲ್ಲೂ ಈ ಬಗ್ಗೆ ಅವರು ಪ್ರಕಟಿಸಿದ ಟಿಪ್ಪಣಿಗಳು ಹೆಸರಿಡುವ ಕೆಲಸದ ಆಚೆಗೂ ಅವರ ಗಮನವಿತ್ತೆಂಬುದನ್ನು ತೋರಿಸುತ್ತವೆ. ಒಣಗಿದ ಹಾಳೆಯ ಮೇಲೆ ಎಲೆಯ ಬುಡವನ್ನು ಬಿಡಿಸಿ ನೋಡುವ ತಾಳ್ಮೆ ಇರದಿದ್ದವರಿಗೆ ಇದು ಕಂಡಿರಲಿಲ್ಲ.

ಸಜ್ಜೆಯ ಹೆಸರಿನ ವ್ಯಾಜ್ಯ

ಚೇಸ್ ಅವರ ವಿಧಾನವನ್ನು ತೋರಿಸಲು ಅವರ ದೊಡ್ಡ ಗ್ರಂಥಗಳಿಗಿಂತ 1921ರ ಒಂದು ಚಿಕ್ಕ ಲೇಖನ ಉತ್ತಮ ಉದಾಹರಣೆ. ವಿಷಯ, ಸಜ್ಜೆಯ ಬಗ್ಗೆ ಲಿನೇಯಸ್‌ನ ಪರಿಕಲ್ಪನೆ ಏನಿತ್ತು ಎಂಬುದು.

ಸಜ್ಜೆ ಆಫ್ರಿಕದಲ್ಲಿ ಹುಟ್ಟಿ ಭಾರತಕ್ಕೆ ಬಂದು ನಮ್ಮ ಉತ್ತರ ಕರ್ನಾಟಕದ ಒಣಭೂಮಿಯ ರೊಟ್ಟಿಯಾದ ಧಾನ್ಯ. ಲಿನೇಯಸ್ ಇದನ್ನು ಬೇರೆಬೇರೆ ಕಡೆಗಳಿಂದ ಬಂದ ಹಾಳೆಗಳಲ್ಲಿ, ಹಳೆಯ ಪುಸ್ತಕಗಳ ಚಿತ್ರಗಳಲ್ಲಿ ಕಂಡು ಒಂದಕ್ಕಿಂತ ಹೆಚ್ಚು ಹೆಸರಿನಲ್ಲಿ ದಾಖಲಿಸಿದ್ದ. ಅವುಗಳಲ್ಲಿ ಒಂದು ಪ್ಯಾನಿಕಮ್ ಗ್ಲಾಕಮ್. ಸಾಲದ್ದಕ್ಕೆ ಮುಂದೆ ಅದೇ ಹೆಸರನ್ನು ನವಣೆಯ ನೆಂಟನಾದ ಒಂದು ಕಳೆಗೂ ಅನ್ವಯಿಸಿಬಿಟ್ಟ. ನಂತರದವರು ಲಿನೇಯಸ್‌ನ ಎರಡನೆಯ ಬಳಕೆಯನ್ನೇ ಹಿಡಿದು, ಶತಮಾನಕ್ಕೂ ಹೆಚ್ಚು ಕಾಲ ಆ ಕಳೆಯನ್ನು ಗ್ಲಾಕಾ ಎಂದೇ ಕರೆದರು. ಚೇಸ್ ನಡುವಿನ ಎಲ್ಲರ ಮಾತನ್ನೂ ಬದಿಗಿಟ್ಟು, 1753ರ ಗ್ರಂಥದಲ್ಲಿ ಆ ಹೆಸರಿನ ಕೆಳಗೆ ಲಿನೇಯಸ್ ಯಾವ ಆಧಾರಗಳನ್ನು ಕೊಟ್ಟಿದ್ದ, ಆ ಆಧಾರಗಳು ಯಾವ ಗಿಡವನ್ನು ಸೂಚಿಸುತ್ತವೆ ಎಂದು ಹಿಂದಕ್ಕೆ ಹೋದರು. ದಾರಿ ಸಿಂಹಳದ ಸಸ್ಯಗಳ ಹಳೆಯ ದಾಖಲೆಗೆ ಕರೆದೊಯ್ದಿತು. ಆ ಹೆಸರಿನ ಮೂಲ ಸಜ್ಜೆಯೇ ಹೊರತು ಕಳೆಯಲ್ಲ ಎಂಬುದು ಅವರ ತೀರ್ಮಾನ. ಮುಂದೆ ಹಿಚ್‌ಕಾಕ್‌ರ ಹುಲ್ಲುಗಳ ಕೈಪಿಡಿಯಲ್ಲಿ ಸಜ್ಜೆ ಪೆನ್ನಿಸೀಟಮ್ ಗ್ಲಾಕಮ್ ಎಂದು ಅಚ್ಚಾಯಿತು.

ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. 1970ರ ದಶಕದಲ್ಲಿ ಪ್ರಶ್ನೆ ಮತ್ತೆ ತೆರೆದು, ಕೆಲಕಾಲ ಕೃಷಿ ಪ್ರಕಟಣೆಗಳಲ್ಲಿ ಪೆನ್ನಿಸೀಟಮ್ ಅಮೆರಿಕಾನಮ್ ಎಂಬ ಹೆಸರು ಓಡಾಡಿತು. ಬಳಿಕ ಗ್ಲಾಕಮ್ ಮರಳಿತು. 2010ರಲ್ಲಿ ಪೆನ್ನಿಸೀಟಮ್ ಕುಲವನ್ನೇ ಸೆಂಕ್ರಸ್‌ನಲ್ಲಿ ಸೇರಿಸಿದವರು ಸೆಂಕ್ರಸ್ ಅಮೆರಿಕಾನಸ್ ಎಂದರು. ಕೃಷಿವಿಜ್ಞಾನಿಗಳು ಈಗಲೂ ಹೆಚ್ಚಾಗಿ ಬಳಸುವುದು ಗ್ಲಾಕಮ್ ಅನ್ನೇ. ರೈತರಿಗೆ ಇದರಿಂದ ಏನೂ ಆಗಬೇಕಾದದ್ದಿಲ್ಲ, ನಿಜ. ಆದರೆ ಬೀಜದ ಪೊಟ್ಟಣ, ತಳಿಯ ದಾಖಲೆ, ಕಳೆನಾಶಕದ ಶಿಫಾರಸು ಇವೆಲ್ಲ ಹೆಸರಿನ ಮೇಲೆ ನಡೆಯುತ್ತವೆ. ಬೆಳೆಗೂ ಕಳೆಗೂ ಒಂದೇ ಹೆಸರಿದ್ದರೆ ಆಗುವ ಗೋಜಲನ್ನು ಊಹಿಸಬಹುದು.

ಕ್ಷೇತ್ರಕಾರ್ಯದ ಬಾಗಿಲು

ಹರ್ಬೇರಿಯಂನೊಳಗೆ ಚೇಸ್‌ಗೆ ಗೌರವವಿತ್ತು. ಹೊರಗೆ ಹೋಗುವ ಮಾತು ಬಂದಾಗ ಬೇರೆಯದೇ ನಿಯಮ. ಪನಾಮಾ ಕಾಲುವೆ ತೋಡುತ್ತಿದ್ದ ಕಾಲದಲ್ಲಿ ಸ್ಮಿತ್ಸೋನಿಯನ್ ಸಂಸ್ಥೆ ಅಲ್ಲಿನ ಜೀವಸಂಕುಲದ ಸಮೀಕ್ಷೆ ನಡೆಸಿತು. ಹುಲ್ಲುಗಳಿಗೆ ಚೇಸ್ ಅವರನ್ನು ಕಳುಹಿಸಬಹುದೆಂಬ ಸೂಚನೆಗೆ, ಹೆಂಗಸೊಬ್ಬರನ್ನು ಅಂಥ ಕೆಲಸಕ್ಕೆ ತೊಡಗಿಸುವುದು ಉಚಿತವೇ ಎಂಬ ಸಂಶಯ ಉತ್ತರವಾಗಿ ಬಂತು. ಪನಾಮಾಕ್ಕೆ ಹೋದದ್ದು ಹಿಚ್‌ಕಾಕ್. ಸ್ಮಿತ್ಸೋನಿಯನ್‌ನ ಇತಿಹಾಸಕಾರ್ತಿ ಪಮೇಲಾ ಹೆನ್ಸನ್ ಲ್ಯಾಟಿನ್ ಅಮೆರಿಕದಲ್ಲಿ ಕ್ಷೇತ್ರಕಾರ್ಯ ಮಾಡಿದ ಮಹಿಳಾ ವಿಜ್ಞಾನಿಗಳ ಕುರಿತ ಅಧ್ಯಯನದಲ್ಲಿ ಈ ಪ್ರಸಂಗವನ್ನು ಬಿಡಿಸಿಟ್ಟಿದ್ದಾರೆ. ಗಂಡಸರ ಶಿಬಿರದಲ್ಲಿ ಹೆಂಗಸಿದ್ದರೆ ಇರಿಸುಮುರಿಸು ಎಂಬ ಭಾವನೆ ಆಗ ವಿಜ್ಞಾನ ಸಂಸ್ಥೆಗಳಲ್ಲಿ ಸಾಮಾನ್ಯವಾಗಿತ್ತೆಂದು ಅವರು ತೋರಿಸುತ್ತಾರೆ.

ಚೇಸ್ ಜಗಳಕ್ಕೆ ನಿಲ್ಲಲಿಲ್ಲ. ಬೇರೆ ದಾರಿ ಮಾಡಿಕೊಂಡರು. 1913ರಲ್ಲಿ ಪೋರ್ಟೊರಿಕೊಗೆ ಹೋಗಿ ಸಂಗ್ರಹಿಸಿದರು. 1924–25ರಲ್ಲಿ ಮೊದಲ ಸಲ, 1929–30ರಲ್ಲಿ ಎರಡನೆಯ ಸಲ ಬ್ರೆಜಿಲ್. ಖರ್ಚಿನ ಬಹುಪಾಲು ಕೈಯಿಂದಲೇ. ಹೋಟೆಲಿಗೆ ಹಣವಿಲ್ಲದ ಕಡೆ ಮಿಷನರಿ ಮಹಿಳೆಯರ ಮನೆಗಳಲ್ಲಿ ಉಳಿದುಕೊಂಡರು. ಈ ಮಹಿಳಾ ಜಾಲವೇ ಅವರ ಶಿಬಿರ ಎಂದು ಹೆನ್ಸನ್ ಸರಿಯಾಗಿಯೇ ಗುರುತಿಸುತ್ತಾರೆ. ರಿಯೊದ ಪಾಚಿತಜ್ಞೆ ಮಾರಿಯಾ ಬಂದೇಯ್ರಾ ಜೊತೆ ಬೆಟ್ಟಗಳನ್ನು ಹತ್ತಿದರು. ಎರಡನೆಯ ಸಲ ಮಿನಾಸ್ ಜೆರಾಯಿಸ್ ಪ್ರಾಂತ್ಯದಲ್ಲಿ ಇನೆಸ್ ಮೆಹಿಯಾ ಜೊತೆಯಾದರು. ಮೆಹಿಯಾ ಐವತ್ತು ದಾಟಿದ ಮೇಲೆ ಸಸ್ಯಸಂಗ್ರಹಕ್ಕೆ ಇಳಿದ ಮತ್ತೊಬ್ಬ ಅಸಾಮಾನ್ಯ ಮಹಿಳೆ. ಚೇಸ್‌ಗೆ ಆಗ ಅರವತ್ತು. ಜೀವಮಾನದಲ್ಲಿ ಅವರ ಸಂಗ್ರಹ ಸಂಖ್ಯೆ 12,000 ದಾಟಿತು. ಮೊದಲ ಬ್ರೆಜಿಲ್ ಯಾತ್ರೆಯನ್ನು ಅವರು ಸ್ಮಿತ್ಸೋನಿಯನ್‌ನ ವಾರ್ಷಿಕ ವರದಿಯಲ್ಲಿ, ಹುಲ್ಲುತಜ್ಞೆಯ ಕನ್ನಡಕದಿಂದ ಕಂಡ ಪೂರ್ವ ಬ್ರೆಜಿಲ್ ಎಂಬರ್ಥದ ತಲೆಬರಹದಡಿ ಬರೆದರು. ಅವರ ಹಾಸ್ಯಪ್ರಜ್ಞೆ ಕಾಣುವ ಅಪರೂಪದ ಬರಹ ಅದು.

ಪೋರ್ಟೊರಿಕೊ ಮತ್ತು ಬ್ರೆಜಿಲ್ ಯಾತ್ರೆಗಳ ನಡುವೆ, ನನ್ನ ದೃಷ್ಟಿಯಲ್ಲಿ ಬ್ರೆಜಿಲ್‌ಗಿಂತ ಮುಖ್ಯವಾದ ಪ್ರಯಾಣವೊಂದಿದೆ. 1922–23ರಲ್ಲಿ ಚೇಸ್ ಯುರೋಪಿನ ಹರ್ಬೇರಿಯಂಗಳನ್ನು ಸುತ್ತಿದರು. ಹುಲ್ಲುಗಳ ಹಿರಿಯ ವಿದ್ವಾಂಸ ಎಡ್ವರ್ಡ್ ಹ್ಯಾಕೆಲ್ ಅವರ ಸಂಗ್ರಹವಿದ್ದ ವಿಯೆನ್ನಾ ಅವುಗಳಲ್ಲಿ ಪ್ರಮುಖ. ಪ್ರತಿ ಸಸ್ಯದ ಹೆಸರಿಗೂ ಒಂದು ಟೈಪ್ ಮಾದರಿ ಇರುತ್ತದೆ. ಹೆಸರಿಟ್ಟವನು ಮುಂದಿಟ್ಟುಕೊಂಡು ವಿವರಿಸಿದ ಆ ಒಂದು ಒಣಹಾಳೆ. ಅಮೆರಿಕದ ಹುಲ್ಲುಗಳಿಗೆ ಹೆಸರಿಟ್ಟವರು ಬಹುಪಾಲು ಯುರೋಪಿಯನ್ನರು, ಹಾಗಾಗಿ ಟೈಪ್ ಹಾಳೆಗಳೂ ಅಲ್ಲೇ. ಹಿಂದೆ ಹಿಚ್‌ಕಾಕ್ ಆರಂಭಿಸಿದ್ದ ಕೆಲಸವನ್ನು ಚೇಸ್ ಮುಂದುವರಿಸಿದರು: ಹಾಳೆಯನ್ನು ಕಣ್ಣಾರೆ ನೋಡುವುದು, ಟಿಪ್ಪಣಿ ಮಾಡುವುದು, ಅಲ್ಲಿನವರ ಅನುಮತಿಯಿಂದ ಒಂದೆರಡು ಕಿರುತೆನೆಯನ್ನೋ ತುಂಡು ಎಲೆಯನ್ನೋ ತೆಗೆದು ಮಡಿಸಿದ ಕಾಗದದ ಪೊಟ್ಟಣದಲ್ಲಿಟ್ಟು, ಮೇಲೆ ವಿವರ ಬರೆದು ವಾಷಿಂಗ್ಟನ್ನಿಗೆ ತರುವುದು. ಹೀಗೆ ಬೆರಳುಗುರಿನಷ್ಟು ಹುಲ್ಲಿನ ಚೂರುಗಳಿಂದ, ಯುರೋಪಿನ ಮೂಲಪ್ರತಿಗಳ ಒಂದು ಭಂಡಾರ ಅಟ್ಲಾಂಟಿಕ್‌ನ ಅಮೆರಿಕದ ದಡದಲ್ಲಿ ಬೆಳೆಯಿತು.

ಅದರ ಬೆಲೆ ಗೊತ್ತಾದದ್ದು ಎರಡು ದಶಕಗಳ ನಂತರ. 1943ರ ಮಾರ್ಚ್ 1ರ ರಾತ್ರಿ ಬರ್ಲಿನ್ ಮೇಲೆ ನಡೆದ ಬಾಂಬು ದಾಳಿಯಲ್ಲಿ ಡಾಲೆಮ್‌ನ ಹರ್ಬೇರಿಯಂ ಸುಟ್ಟುಹೋಯಿತು. ಅಲ್ಲಿದ್ದ ಅಸಂಖ್ಯ ಟೈಪ್ ಹಾಳೆಗಳು ಬೂದಿಯಾದವು. ದಕ್ಷಿಣ ಅಮೆರಿಕದ ಎಷ್ಟೋ ಹುಲ್ಲಿನ ಹೆಸರುಗಳಿಗೆ ಇಂದು ಆಧಾರವಾಗಿ ಉಳಿದಿರುವುದು ವಾಷಿಂಗ್ಟನ್ ಮೊದಲಾದ ಕಡೆ ಇಟ್ಟ ಇಂಥ ಪೊಟ್ಟಣಗಳೇ.

ಸೆರೆಮನೆ

ಯುರೋಪ್ ಪ್ರಯಾಣಕ್ಕೆ ಮುಂಚಿನ ಮಾತು. ಮತದಾನದ ಹಕ್ಕಿಗಾಗಿ ಅಲೈಸ್ ಪಾಲ್ ನೇತೃತ್ವದ ಮಹಿಳೆಯರು 1917ರಿಂದ ಶ್ವೇತಭವನದ ಮುಂದೆ ಮೌನವಾಗಿ ಫಲಕ ಹಿಡಿದು ನಿಲ್ಲುತ್ತಿದ್ದರು. ಪ್ರಜಾಪ್ರಭುತ್ವದ ಬಗ್ಗೆ ಅಧ್ಯಕ್ಷ ವಿಲ್ಸನ್ ಆಡಿದ ಮಾತುಗಳನ್ನು ಸಾರ್ವಜನಿಕವಾಗಿ ಬೆಂಕಿಗೆ ಹಾಕುವುದೂ ಹೋರಾಟದ ಒಂದು ರೀತಿಯಾಗಿತ್ತು. ಸರ್ಕಾರಿ ನೌಕರಿಯಲ್ಲಿದ್ದ ಚೇಸ್ ಇದರಲ್ಲಿ ಪಾಲ್ಗೊಂಡು ಬಂಧನಕ್ಕೊಳಗಾದರು. ಸೆರೆಮನೆಯಲ್ಲಿ ಉಪವಾಸ ಕೂತಾಗ ಬಲವಂತವಾಗಿ ಆಹಾರ ತುರುಕಲಾಯಿತು. ಸರ್ಕಾರಿ ನೌಕರರಿಗೆ ತಕ್ಕುದಲ್ಲದ ನಡತೆಯೆಂದು ಕೆಲಸದಿಂದ ತೆಗೆಯುವ ಬೆದರಿಕೆಯೂ ಬಂತು. ಕೆಲಸ ಉಳಿಯಿತು. ಹಕ್ಕು 1920ರಲ್ಲಿ ಬಂತು. ಒಂದು ಮಾತನ್ನು ಇಲ್ಲಿ ಸೇರಿಸಬಹುದು: ಚೇಸ್ ಆರು ದಶಕ ಬದುಕಿದ ವಾಷಿಂಗ್ಟನ್ ನಗರ ಯಾವ ರಾಜ್ಯಕ್ಕೂ ಸೇರದ್ದು, ಅಲ್ಲಿಯ ನಿವಾಸಿಗಳೆಂಬ ನೆಲೆಯಲ್ಲಿ ಅಧ್ಯಕ್ಷರ ಆಯ್ಕೆಗೆ ಮತ ಹಾಕುವ ಹಕ್ಕು ಅಲ್ಲಿನವರಿಗೆ ಸಿಕ್ಕದ್ದು 1961ರಲ್ಲಿ, ಮೊದಲು ಚಲಾಯಿಸಿದ್ದು 1964ರ ಚುನಾವಣೆಯಲ್ಲಿ. ಚೇಸ್ ತೀರಿಕೊಂಡದ್ದು 1963ರಲ್ಲಿ.

ಅವರು ಪಾನನಿರೋಧದ ಪರವಾಗಿದ್ದವರು, ಸಮಾಜವಾದಿ, ಕಪ್ಪುಜನರ ಹಕ್ಕುಗಳ ಸಂಘಟನೆಯ ಸದಸ್ಯೆ, ಶಾಂತಿಸಂಘಟನೆಯ ಸದಸ್ಯೆ. ಈ ನಂಬಿಕೆಗಳು ಅವರ ಹುಲ್ಲಿನ ಬರಹಗಳಲ್ಲಿ ನೇರವಾಗಿ ಕಾಣುವುದಿಲ್ಲ, ಕಾಣಬೇಕೆಂದು ಹುಡುಕುವುದೂ ವ್ಯರ್ಥ. ಕಾಣುವುದು ಇನ್ನೊಂದೆಡೆ, ವಿದ್ಯೆಯನ್ನು ಹಂಚಿದ ರೀತಿಯಲ್ಲಿ.

ಕಲಿಸುವಿಕೆ, ಕೈಪಿಡಿ, ಸೂಚಿ

1922ರಲ್ಲಿ ಬಂದ ಅವರ ಪುಟ್ಟ ಪುಸ್ತಕ, ‘ಹುಲ್ಲುಗಳ ಮೊದಲ ಪುಸ್ತಕ’ ಎಂಬರ್ಥದ ಹೆಸರಿನದ್ದು. ಹೊಸದಾಗಿ ಕಲಿಯುವವರಿಗಾಗಿ, ಅಂದರೆ ಹಿಂದೊಮ್ಮೆ ತಾವಿದ್ದಂಥವರಿಗಾಗಿ ಬರೆದದ್ದು. ಹನ್ನೆರಡು ಪಾಠಗಳಲ್ಲಿ ಹುಲ್ಲಿನ ರಚನೆಯನ್ನು ಸರಳವಾದದ್ದರಿಂದ ತೊಡಕಾದದ್ದಕ್ಕೆ, ತಮ್ಮದೇ ಚಿತ್ರಗಳ ಜೊತೆ ಕಟ್ಟಿಕೊಂಡು ಹೋಗುತ್ತದೆ. ವೆನೆಜುವೆಲಾದ ಜೊರೈದಾ ಲೂಸೆಸ್ 1960ರಲ್ಲಿ ಅದನ್ನು ಸ್ಪ್ಯಾನಿಶ್‌ಗೆ ತಂದರು. ಅವರು ವಾಷಿಂಗ್ಟನ್ನಿಗೆ ಬಂದು ಚೇಸ್ ಬಳಿ ಕಲಿತವರು. ಲ್ಯಾಟಿನ್ ಅಮೆರಿಕದಿಂದ ಬಂದ ಇಂಥ ವಿದ್ಯಾರ್ಥಿಗಳಿಗೆ ಚೇಸ್ ಅವರ ಮನೆಯಲ್ಲೇ ವಸತಿ. ಆ ಮನೆಯನ್ನು ಎಲ್ಲರೂ ಕಾಸಾ ಕಂಟೆಂಟಾ, ನೆಮ್ಮದಿಯ ಮನೆ, ಎಂದು ಕರೆಯುತ್ತಿದ್ದರು. ವಿಶ್ವವಿದ್ಯಾಲಯದ ಪೀಠವಿಲ್ಲದ, ಪದವಿ ಕೊಡುವ ಅಧಿಕಾರವಿಲ್ಲದ ಒಬ್ಬರು ಒಂದು ಖಂಡದ ಹುಲ್ಲುತಜ್ಞರ ತಲೆಮಾರಿಗೆ ಗುರುವಾದ ಬಗೆ ಇದು.

ಹುದ್ದೆಯ ಏಣಿ ಮಾತ್ರ ನಿಧಾನ. 1923ರಲ್ಲಿ ಸಹಾಯಕ ಸಸ್ಯಶಾಸ್ತ್ರಜ್ಞೆ, 1925ರಲ್ಲಿ ಮುಂದಿನ ಮೆಟ್ಟಿಲು. 1929ರಲ್ಲಿ ಪ್ಯಾಸ್ಪಲಮ್ ಕುಲದ ಉತ್ತರ ಅಮೆರಿಕದ ಪ್ರಭೇದಗಳ ಗ್ರಂಥ ಅವರೊಬ್ಬರ ಹೆಸರಿನಲ್ಲೇ ಬಂತು. 1935ರ ಡಿಸೆಂಬರ್‌ನಲ್ಲಿ ಹಿಚ್‌ಕಾಕ್ ಯುರೋಪಿನಿಂದ ಮರಳುವಾಗ ಹಡಗಿನಲ್ಲೇ ತೀರಿಕೊಂಡರು. ಅವರ ಜೀವಮಾನದ ಕೆಲಸವಾದ ಸಂಯುಕ್ತ ಸಂಸ್ಥಾನದ ಹುಲ್ಲುಗಳ ಕೈಪಿಡಿ ಅದೇ ವರ್ಷ ಹೊರಬಂದಿತ್ತು. ಆ ಸ್ಥಾನಕ್ಕೆ ಚೇಸ್ ಬಂದಾಗ ಅವರಿಗೆ ಅರವತ್ತಾರು ತುಂಬಿತ್ತು. 1939ರಲ್ಲಿ ನಿವೃತ್ತಿ. ನಿವೃತ್ತಿಯೆಂದರೆ ಸಂಬಳ ನಿಂತದ್ದಷ್ಟೇ. ಮರುದಿನದಿಂದಲೂ ಅದೇ ಹರ್ಬೇರಿಯಂ, ಅದೇ ಮೇಜು. ಮರುವರ್ಷ, ಎಪ್ಪತ್ತೊಂದರ ವಯಸ್ಸಿನಲ್ಲಿ, ವೆನೆಜುವೆಲಾ ಸರ್ಕಾರದ ಆಹ್ವಾನದ ಮೇಲೆ ಅಲ್ಲಿನ ಹುಲ್ಲುಗಾವಲುಗಳ ಬಗ್ಗೆ ಸಲಹೆ ಕೊಡಲು ಹೋಗಿ, ಸಂಗ್ರಹವನ್ನೂ ಮಾಡಿ ಬಂದರು.

ಕೈಪಿಡಿಯ ಪರಿಷ್ಕರಣೆ ಅವರ ಪಾಲಿಗೆ ಬಂತು. 1950ರ ದಿನಾಂಕದ ಎರಡನೆಯ ಆವೃತ್ತಿಯಲ್ಲಿ ಸುಮಾರು 1,400 ಪ್ರಭೇದಗಳಿವೆ. ಕೊನೆಯಲ್ಲಿ, ಹಿಂದಿನ ಲೇಖಕರು ಬಳಸಿದ ಹೆಸರುಗಳ ದೀರ್ಘ ಪಟ್ಟಿ. ಪ್ರತಿ ಹೆಸರಿಗೂ ಎಲ್ಲಿ ಪ್ರಕಟವಾಯಿತು, ಯಾವ ಮಾದರಿಯ ಮೇಲೆ, ಈಗ ಯಾವುದರಡಿ ಸೇರುತ್ತದೆ ಎಂಬ ವಿವರ. ಪುಸ್ತಕವನ್ನು ಹುಲ್ಲು ಗುರುತಿಸಲು ತೆರೆಯುವವರು ಈ ಭಾಗವನ್ನು ನೋಡುವುದಿಲ್ಲ. ಚೇಸ್ ಕೈ ಎದ್ದುಕಾಣುವುದು ಅಲ್ಲೇ. ಇದರ ಹಿಂದಿದ್ದದ್ದು ದಶಕಗಳ ಕಾಲ ಕೈಬರಹದಲ್ಲೂ ಟೈಪ್ ಮಾಡಿಯೂ ಬೆಳೆಸಿದ ಕಾರ್ಡುಗಳ ಸೂಚಿ. ಜಗತ್ತಿನ ಹುಲ್ಲುಗಳಿಗೆ ಪ್ರಕಟವಾದ ಹೆಸರುಗಳದ್ದು, ಕಾರ್ಡುಗಳು ಸುಮಾರು 80,000. ಕಾರ್ನೇಲಿಯಾ ನೈಲ್ಸ್ ಜೊತೆಗೂಡಿ ಸಿದ್ಧಪಡಿಸಿದ ಈ ಸೂಚಿ 1962ರಲ್ಲಿ ಮೂರು ಸಂಪುಟಗಳಾಗಿ, ಕಾರ್ಡುಗಳ ಛಾಯಾಪ್ರತಿಯ ರೂಪದಲ್ಲೇ ಪ್ರಕಟವಾಯಿತು. ಗಣಕಯಂತ್ರದ ದತ್ತಸಂಚಯಗಳು ಬರುವವರೆಗೂ ಹುಲ್ಲಿನ ಹೆಸರು ಹುಡುಕುವವರಿಗೆ ಮೊದಲ ನಿಲ್ದಾಣ ಅದೇ. ಆಗ ಚೇಸ್‌ಗೆ ತೊಂಬತ್ತಮೂರು.

ಮನ್ನಣೆ ಬಂದದ್ದು ತಡವಾಗಿ, ಬಂದಾಗ ಒಟ್ಟಿಗೆ: 1956ರಲ್ಲಿ ಅಮೆರಿಕದ ಸಸ್ಯಶಾಸ್ತ್ರ ಸಂಘದ ಪುರಸ್ಕಾರ, 1958ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಅದೇ ವರ್ಷ ಸ್ಮಿತ್ಸೋನಿಯನ್‌ನ ಗೌರವ ಫೆಲೊ, 1961ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಫೆಲೊ. ಇಲಿನಾಯ್ ಕೊಟ್ಟದ್ದು ಅವರ ಬದುಕಿನ ಏಕೈಕ ಪದವಿ. 1963ರ ಸೆಪ್ಟೆಂಬರ್ 24ರಂದು ನಿಧನರಾದರು.

ಮರುವಿಮರ್ಶೆ

ಚೇಸ್ ಹೇಳಿದ್ದೆಲ್ಲ ಉಳಿದಿಲ್ಲ. 1906ರಲ್ಲಿ ಅವರು ಸ್ಥಾಪಿಸಿದ ಲೆಪ್ಟೊಲೋಮಾ ಕುಲ ಇಂದು ಡಿಜಿಟೇರಿಯಾದೊಳಗೆ ಕರಗಿದೆ. 1911ರ ಹೋಮೊಲೆಪಿಸ್ ಉಳಿದಿದೆ. ಹೆಚ್ಚು ಟೀಕೆ ಬಂದದ್ದು ಪ್ಯಾನಿಕಮ್ ಕೆಲಸಕ್ಕೆ. ಎಲೆಯ ರೋಮ, ಕಿರುತೆನೆಯ ಅಳತೆಯ ಅಲ್ಪ ವ್ಯತ್ಯಾಸಗಳನ್ನೇ ಆಧಾರವಾಗಿಟ್ಟುಕೊಂಡು ಹಿಚ್‌ಕಾಕ್ ಮತ್ತು ಚೇಸ್ ಅತಿಯಾಗಿ ಒಡೆದರು ಎಂಬುದು ದೂರು. 1974ರಲ್ಲಿ ಹುಲ್ಲುತಜ್ಞ ಫ್ರಾಂಕ್ ಗೌಲ್ಡ್, ಹಿಚ್‌ಕಾಕ್ ಮತ್ತು ಚೇಸ್ ಹೆಸರಿಟ್ಟ ಉಪಕುಲ ಡೈಕ್ಯಾಂಥೀಲಿಯಮ್ ಅನ್ನು ಸ್ವತಂತ್ರ ಕುಲವಾಗಿ ಎತ್ತಿದರು. 1978ರಲ್ಲಿ ಗೌಲ್ಡ್ ಮತ್ತು ಕ್ಲಾರ್ಕ್ ಅದರ ಪ್ರಭೇದಗಳಲ್ಲಿ ಬಹುಪಾಲನ್ನು ಒಂದರೊಳಗೊಂದು ವಿಲೀನ ಮಾಡಿದರು. ಅಂದರೆ ಗುಂಪಿನ ಗಡಿ ಚೇಸ್ ಗುರುತಿಸಿದ್ದೇ ಸರಿ, ಒಳಗಿನ ಗೋಡೆಗಳು ಅತಿಯಾದವು ಎಂಬ ತೀರ್ಪು. ಟೀಕೆ ನ್ಯಾಯವಾದದ್ದೇ. ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಹುಲ್ಲುಗಳಲ್ಲಿ ಸಣ್ಣ ವ್ಯತ್ಯಾಸಗಳು ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿ ಮುಂದುವರಿದು ಬೇರೆ ಪ್ರಭೇದದ ಭ್ರಮೆ ಹುಟ್ಟಿಸುತ್ತವೆ. ಆ ಅರಳದ ಹೂಗಳನ್ನು ಅಷ್ಟು ಚೆನ್ನಾಗಿ ಬಲ್ಲ ಚೇಸ್ ಇದನ್ನು ವರ್ಗೀಕರಣಕ್ಕೆ ಪೂರ್ತಿ ಅನ್ವಯಿಸಲಿಲ್ಲ ಎಂಬುದು ಅವರ ಕೆಲಸದ ದೊಡ್ಡ ಕೊರತೆ ಎಂದು ನನಗನಿಸುತ್ತದೆ. ಕರಡು ತಿದ್ದುವವರ ಕಣ್ಣಿಗೆ ಯಾವ ವ್ಯತ್ಯಾಸವೂ ಚಿಕ್ಕದಲ್ಲ.

ಆದರೂ ಗೌಲ್ಡ್ ಮತ್ತು ಕ್ಲಾರ್ಕ್ ವಿಲೀನ ಮಾಡಲು ಸಾಧ್ಯವಾದದ್ದು ಪ್ರತಿ ಹೆಸರಿಗೂ ಯಾವ ಹಾಳೆ ಆಧಾರ, ಅದು ಎಲ್ಲಿದೆ ಎಂಬುದನ್ನು 1910ರ ಗ್ರಂಥ ದಾಖಲಿಸಿದ್ದರಿಂದ. ಈ ಹುಲ್ಲುಗಳ ಪ್ರಭೇದಗಳೆಷ್ಟು ಎಂಬ ವಾದ ಈಗಲೂ ನಡೆಯುತ್ತಿದೆ. ಇತ್ತೀಚಿನ ಕೆಲವು ಅಧ್ಯಯನಗಳು ಗೌಲ್ಡ್ ಒಂದಾಗಿಸಿದ್ದನ್ನು ಮತ್ತೆ ಬೇರೆ ಮಾಡಿವೆ. 1993ರಲ್ಲಿ ಜುಲೋಗಾ ಮತ್ತು ಜುಡ್ಜೀವಿಚ್ ಅಮೆಜಾನ್ ಕಾಡಿನ ನೆರಳಲ್ಲಿ ಬೆಳೆಯುವ ಒಂದು ಪುಟ್ಟ ಬಿದಿರಿಗೆ ಚೇಸ್ ನೆನಪಿನಲ್ಲಿ ಆಗ್ನೇಸಿಯಾ ಎಂದು ಕುಲನಾಮ ಕೊಟ್ಟರು. ‘ಮೊದಲ ಪುಸ್ತಕ’ದ ನಾಲ್ಕನೆಯ ಆವೃತ್ತಿ ಲಿನ್ ಕ್ಲಾರ್ಕ್ ಮತ್ತು ರಿಚರ್ಡ್ ಪೋಲ್ ಅವರ ಪರಿಷ್ಕರಣೆಯಲ್ಲಿ 1996ರಲ್ಲಿ ಬಂತು. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಸೆಸಿಲ್ ಸಲ್ಡಾನ ಮತ್ತು ಸ್ಮಿತ್ಸೋನಿಯನ್‌ನ ಡಾನ್ ನಿಕಲ್ಸನ್ 1976ರಲ್ಲಿ ಪ್ರಕಟಿಸಿದ ಗ್ರಂಥಕ್ಕಾಗಿ ಸಂಗ್ರಹವಾದ ಹಾಳೆಗಳ ಒಂದು ಪ್ರತಿ ವಾಷಿಂಗ್ಟನ್ನಿಗೂ ಹೋಗಿದೆ. ಅಲ್ಲಿ ಹಾಸನದ ಹುಲ್ಲುಗಳಿರುವುದು ಚೇಸ್ ಕೊನೆಯವರೆಗೂ ನೋಡಿಕೊಂಡ ಸಂಗ್ರಹದಲ್ಲೇ.